ಹಳೆಯ ಲ್ಯಾಪ್‌ಟಾಪಿನಿಂದ ಮತ್ತೊಂದಕ್ಕೆ: ಕಡತದೊಡನೆ ಅಕ್ಷರವೂ ಬರಬೇಕು

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಅನೇಕ ಕುಟುಂಬಗಳಲ್ಲಿ 2000ದ ದಶಕದಲ್ಲಿ ಕೊಂಡ ಲ್ಯಾಪ್‌ಟಾಪೊಂದು ಇಂದಿಗೂ ಕಪಾಟಿನಲ್ಲಿದೆ. ಮನೆಯ ಹಿರಿಯರು ಬೆರಳಚ್ಚು ಮಾಡಿದ ವಂಶಾವಳಿ, ಹಬ್ಬದ ಹಾಡುಗಳು, ರಾಜ್ಯೋತ್ಸವದ ಭಾಷಣಗಳು ಅದರೊಳಗಿವೆ. ಅವನ್ನು ಅದಕ್ಕಿಂತ ತುಸು ಕಿರಿಯದಾದ ಇನ್ನೊಂದು ಲ್ಯಾಪ್‌ಟಾಪಿಗೆ ಸಾಗಿಸುವ ಬಗೆಯನ್ನು ಇಲ್ಲಿ ವಿವರಿಸುತ್ತೇವೆ.

ಎಲ್ಲಕ್ಕಿಂತ ಸುಲಭವಾದದ್ದು ಪೆನ್ ಡ್ರೈವ್. ಹಳೆಯ ಯಂತ್ರದಲ್ಲಿ ವಿಂಡೋಸ್ ಎಕ್ಸ್‌ಪಿ ಇದ್ದರೆ ಚುಚ್ಚಿದೊಡನೆ ಗುರುತಿಸುತ್ತದೆ; ವಿಂಡೋಸ್ 98 ಆಗಿದ್ದರೆ ಪ್ರತ್ಯೇಕ ಡ್ರೈವರ್ ಬೇಕು. ಡ್ರೈವನ್ನು ಫ್ಯಾಟ್ 32 ಪದ್ಧತಿಯಲ್ಲಿ ಫಾರ್ಮ್ಯಾಟ್ ಮಾಡಿಕೊಂಡರೆ ಎರಡೂ ಯಂತ್ರಗಳು ಓದುತ್ತವೆ. ಆದರೆ 4 ಜಿಬಿ ಮೀರಿದ ಒಂದೇ ಕಡತ ಅದರಲ್ಲಿ ಹಿಡಿಯದು. ಮದುವೆಯ ವಿಡಿಯೊ ಇದ್ದವರಿಗೆ ಇದು ತೊಡಕು. ಬಹಳ ಹಳೆಯ ಯಂತ್ರಗಳ ಯುಎಸ್‌ಬಿ 1.1 ಕಿಂಡಿಯ ವೇಗ ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ. ಒಂದು ಜಿಬಿ ಸಾಗಲು ಹನ್ನೊಂದು ನಿಮಿಷಕ್ಕೆ ಕಡಿಮೆಯಾಗದು, ಹೆಚ್ಚೇ ಆದೀತು.

ಕಡತಗಳು ಹೆಚ್ಚಿದ್ದರೆ ಎರಡನ್ನೂ ನೆಟ್‌ವರ್ಕ್ ಕೇಬಲ್‌ನಿಂದ ನೇರವಾಗಿ ಜೋಡಿಸಬಹುದು. ಹಳೆಯ ಯಂತ್ರಗಳಿಗೆ ಕ್ರಾಸ್‌ಓವರ್ ಕೇಬಲ್ ಬೇಕಾಗುತ್ತದೆ. ಒಂದಕ್ಕೆ 192.168.1.1, ಇನ್ನೊಂದಕ್ಕೆ 192.168.1.2 ಎಂಬ ವಿಳಾಸ ಕೊಟ್ಟು, ಎರಡಕ್ಕೂ ಸಬ್‌ನೆಟ್ ಮಾಸ್ಕ್ 255.255.255.0 ಎಂದು ತುಂಬಿ, ಫೋಲ್ಡರನ್ನು ಹಂಚಿಕೊಂಡರೆ ಸಾಕು. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ 2014ರ ಏಪ್ರಿಲ್ 8ರಂದೇ ಕೊನೆಗೊಂಡಿರುವುದರಿಂದ ಆ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸದಿರುವುದು ಲೇಸು. ಯಂತ್ರವೇ ಏಳದಿದ್ದರೆ ಅದರ ಹಾರ್ಡ್ ಡಿಸ್ಕನ್ನು ಹೊರತೆಗೆದು ಯುಎಸ್‌ಬಿ ಪೆಟ್ಟಿಗೆಯಲ್ಲಿಟ್ಟು ಓದಿಸಬಹುದು. ಡಿಸ್ಕು ಐಡಿಇಯೋ ಸಾಟಾವೋ ಎಂಬುದನ್ನು ನೋಡಿಕೊಂಡು ಹೊರಡಿ. ಸಿಕಂದರಾಬಾದಿನ ಪಾರ್ಕ್ ಲೇನ್‌ನ ಚೆನಾಯ್ ಟ್ರೇಡ್ ಸೆಂಟರ್‌ನಂಥ ಕಂಪ್ಯೂಟರ್ ಪೇಟೆಯಲ್ಲಿ ವಿಚಾರಿಸಬಹುದು.

ಇಷ್ಟಕ್ಕೆ ಕೆಲಸ ಮುಗಿಯಿತೆಂದುಕೊಳ್ಳುವವರೇ ಹೆಚ್ಚು. ನಮ್ಮ ಕನ್ನಡ ಕಡತಗಳ ನಿಜವಾದ ಕಷ್ಟ ಇಲ್ಲಿಂದ ಆರಂಭವಾಗುತ್ತದೆ. ಕನ್ನಡ ಗಣಕ ಪರಿಷತ್ತಿನ 'ನುಡಿ' ಹಾಗೂ ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ 'ಬರಹ', ಇವೆರಡರಲ್ಲಿ ಅಂದು ಬರೆದದ್ದರಲ್ಲಿ ಬಹುಪಾಲು ಯೂನಿಕೋಡ್ ಅಲ್ಲ. ಕಡತದ ಒಡಲಲ್ಲಿರುವುದು ರೋಮನ್ ಅಕ್ಷರಗಳ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ತೊಡಿಸುವುದು ಫಾಂಟ್ ಮಾತ್ರ. ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಅಜ್ಜಿ ಬರೆಸಿದ ಸೋಬಾನೆ ಪದ ಗೊಂದಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ. ತೆಲುಗು, ಇಂಗ್ಲಿಷ್ ಕಲಿತು ಬೆಳೆದ ಇಲ್ಲಿನ ನಮ್ಮ ಮಕ್ಕಳು ಅದನ್ನು ಕೆಟ್ಟುಹೋದ ಕಡತವೆಂದೇ ಬಗೆದು ಅಳಿಸಿಬಿಡುವ ಅಪಾಯವಿದೆ. ಕಡತವಾದರೋ ಕೆಟ್ಟಿರುವುದಿಲ್ಲ.

ಆದ್ದರಿಂದ ಹಳೆಯ ಯಂತ್ರದ ವಿಂಡೋಸ್ ಫೋಲ್ಡರಿನಲ್ಲಿರುವ 'ಫಾಂಟ್ಸ್' ಎಂಬಲ್ಲಿಂದ ನುಡಿ ಎಂದು ಅಥವಾ ಬಿಆರ್‌ಎಚ್ ಎಂದು ಆರಂಭವಾಗುವ ಫಾಂಟುಗಳನ್ನೂ ನಕಲು ಮಾಡಿಕೊಳ್ಳಿ. ಬರಹದ ಸ್ವಂತ ಬಿಆರ್‌ಎಚ್ ಕಡತಗಳಿಗೆ ಫಾಂಟ್ ಸಾಲದು, ತಂತ್ರಾಂಶವೇ ಬೇಕು. ಅದರ ಸ್ಥಾಪನಾ ಕಡತವಿದ್ದರೆ ಅದನ್ನೂ ತನ್ನಿ. ಹೊಸ ನೆಲೆಯಲ್ಲಿ ಓದಲು ಬಂದ ಮೇಲೆ ಪರಿವರ್ತಕ ತಂತ್ರಾಂಶದ ಮೂಲಕ ಯೂನಿಕೋಡಿಗೆ ಬದಲಿಸಿ, ಬೇರೆ ಹೆಸರಿನಲ್ಲಿ ಉಳಿಸಿ. ಮೂಲವನ್ನು ಅಳಿಸಬೇಡಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಕೆಲವೊಮ್ಮೆ ಪಲ್ಲಟವಾಗುತ್ತವೆ. ಬರೆದ ಹಿರಿಯರು ಜೊತೆಗಿರುವಾಗಲೇ ಅವರಿಂದ ಒಮ್ಮೆ ಓದಿಸಿ ತಿದ್ದಿಸಿಕೊಳ್ಳುವುದು ಉತ್ತಮ. ಆ ಓದು ಮುಗಿಯುವವರೆಗೆ ಹಳೆಯ ಲ್ಯಾಪ್‌ಟಾಪನ್ನು ಗುಜರಿಗೆ ಹಾಕದಿರಿ.