ಎಲೆ ಹಳದಿ ಆಯ್ತಾ? ಗೊಬ್ಬರ ಹಾಕೋ ಮೊದಲು ಚೀಲ ಎತ್ತಿ ನೋಡಿ

"ಅಣ್ಣಾ, ಚೀಲದಲ್ಲಿ ಹಾಕಿದ ಬುಷ್ ಪೆಪ್ಪರ್ ಎಲೆ ಹಳದಿ ಆಗ್ತಿದೆ. ಯಾವ ಗೊಬ್ಬರ ಹಾಕ್ಲಿ?"

ಮಳೆ ಹಿಡಿದು ಮೂರು ವಾರ ಆಗುತ್ತಿದ್ದಂತೆ ನನ್ನ ಫೋನಿಗೆ ಬರುವ ಪ್ರಶ್ನೆ ಇದು. ಜೊತೆಗೆ ಎಲೆಯ ಫೋಟೊ ಇರುತ್ತದೆ. ಬೇರಿನ ಫೋಟೊ ಯಾರೂ ಕಳಿಸಲ್ಲ.

ಬೈಯೋಕೆ ನನಗೆ ಹಕ್ಕಿಲ್ಲ. ಮೂರು ವರ್ಷದ ಹಿಂದೆ ನಾನೂ ಬರೀ ಎಲೆ ನೋಡಿ ಕೆಟ್ಟವನೇ. ಮನೆ ಅಂಗಳದಲ್ಲಿ 80 ಗ್ರೋ ಬ್ಯಾಗ್ ಬುಷ್ ಪೆಪ್ಪರ್ ಇಟ್ಟಿದ್ದೆ. ಮಾರೋಕೆ ಬೆಳೆಸಿದ ಗಿಡಗಳು, ಅರ್ಧದಷ್ಟಕ್ಕೆ ಮುಂಗಡವೂ ತಗೊಂಡಿದ್ದೆ. ಜುಲೈನಲ್ಲಿ ಕೆಳಗಿನ ಎಲೆಗಳು ಹಳದಿಯಾದವು. ತೋಟಗಾರಿಕೆ ಓದಿದ ತಲೆ ಅಲ್ವಾ, ಹಳೇ ಎಲೆ ಹಳದಿ ಅಂದ್ರೆ ಸಾರಜನಕದ ಕೊರತೆ ಅಂತ ತಕ್ಷಣ ತೀರ್ಮಾನ ಮಾಡಿದೆ. ವಾರಕ್ಕೊಮ್ಮೆ ಜೀವಾಮೃತ ಸುರಿದೆ. ಹಳದಿ ಜಾಸ್ತಿಯಾಯ್ತು, ಮತ್ತೆ ಸುರಿದೆ.

ಒಂದಿನ ಪಕ್ಕದ ಮನೆ ದೊಡ್ಡಮ್ಮ ಬಂದವರು ಒಂದು ಚೀಲ ಎತ್ತಿ, "ಇದೇನೋ ಮಾರಾಯ, ಕಲ್ಲು ತುಂಬಿದ ಹಾಗಿದೆ!" ಅಂದರು. ಬುಡಮೇಲು ಮಾಡಿದರೆ ಚರಂಡಿ ವಾಸನೆ. ಬೇರು ಕಂದು ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ನೂಲಿನಂಥ ನಾರು ಮಾತ್ರ ಉಳಿಯುತ್ತಿತ್ತು. ಆಗಸ್ಟ್ ಕೊನೆಗೆ 34 ಗಿಡ ಹೋದವು. ಮುಂಗಡ ವಾಪಸ್ ಕೊಟ್ಟೆ.

ಬೇರಿಗೂ ಉಸಿರಾಟ ಬೇಕು. ಮಣ್ಣಿನ ಸಂದುಗಳಲ್ಲೆಲ್ಲ ನೀರು ತುಂಬಿದರೆ ಗಾಳಿಗೆ ಜಾಗ ಇರಲ್ಲ. ಉಸಿರಿಲ್ಲದ ಬೇರು ಗೊಬ್ಬರ ಎಷ್ಟೇ ಇದ್ದರೂ ಹೀರಲ್ಲ, ಅದಕ್ಕೇ ಎಲೆ ಹಸಿದ ಹಾಗೆ ಕಾಣುತ್ತೆ. ನಾನು ಸುರಿದ ಜೀವಾಮೃತವೂ ಆ ಗಿಡಕ್ಕೆ ಇನ್ನೊಂದು ಚೊಂಬು ನೀರು ಅಷ್ಟೇ ಆಗಿತ್ತು.

ಹಾಗಾದ್ರೆ ವ್ಯತ್ಯಾಸ ಗುರುತಿಸೋದು ಹೇಗೆ? ಮೊದಲು ಚೀಲ ಎತ್ತಿ ತೂಕ ನೋಡಿ. ಆಮೇಲೆ ಎರಡು ಇಂಚು ಆಳಕ್ಕೆ ಬೆರಳು ಹಾಕಿ. ಮಣ್ಣು ಒದ್ದೆ ಇದ್ದೂ ಎಲೆ ಜೋತುಬಿದ್ದಿದ್ದರೆ ಬೇರಿನ ಮೇಲೆ ಅನುಮಾನ ಪಡಿ. ಮಣ್ಣು ಹದವಾಗಿದ್ದು, ಎಲೆ ನೆಟ್ಟಗಿದ್ದು, ಹಳೇ ಎಲೆಗಳು ನಿಧಾನಕ್ಕೆ ಪೂರ್ತಿ ಹಳದಿಯಾಗುತ್ತಿದ್ದರೆ ಅದು ಸಾರಜನಕದ ಹಸಿವು. ಹಳೇ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಇದ್ದರೆ ಮೆಗ್ನೀಸಿಯಂ. ಇದೇ ಲಕ್ಷಣ ಎಳೇ ಎಲೆಯಲ್ಲಿ ಬಂದರೆ ಕಬ್ಬಿಣ. ಸುಣ್ಣದಂಶ ಜಾಸ್ತಿ ಇರೋ ಬೋರ್‌ವೆಲ್ ನೀರು ಹಾಕುವವರಲ್ಲಿ ಇದು ಹೆಚ್ಚು. ಅನುಮಾನ ಹೋಗದಿದ್ದರೆ ಒಂದು ಗಿಡ ಹೊರಗೆ ತೆಗೆದು ಬೇರು ನೋಡೇಬಿಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಬದುಕಿದಿರಿ.

ಬುಡ ಕಪ್ಪಾಗಿ, ಎಲೆ ಮೇಲೂ ಕಪ್ಪು ಮಚ್ಚೆ ಬಂದು ಉದುರುತ್ತಿದ್ದರೆ ಅದು ಸೊರಗು ರೋಗ ಇರಬಹುದು. ಆ ಚೀಲವನ್ನು ಅವತ್ತೇ ದೂರ ಮಾಡಿ, ಆ ಮಣ್ಣನ್ನು ಬೇರೆ ಗಿಡಕ್ಕೆ ಬಳಸಬೇಡಿ. ಇನ್ನೊಂದು ಮಾತು, ಬೋರ್ಡೊ ಮಿಶ್ರಣ ಮತ್ತು ಟ್ರೈಕೋಡರ್ಮಾ ಒಟ್ಟಿಗೆ ಹಾಕಬೇಡಿ. ಮೈಲುತುತ್ತ ಟ್ರೈಕೋಡರ್ಮಾವನ್ನೂ ಕೊಲ್ಲುತ್ತೆ, ದುಡ್ಡು ದಂಡ.

ನನ್ನ ಚೀಲಗಳಲ್ಲಿ ನೀರು ನಿಂತಿದ್ದು ಯಾಕೆ ಅಂತ ಹುಡುಕಿದಾಗ ಸಿಕ್ಕಿದ್ದೆಲ್ಲ ನನ್ನದೇ ತಪ್ಪುಗಳು. ಕೆಂಪು ಮಣ್ಣನ್ನು ಹಿಟ್ಟಿನ ಹಾಗೆ ಜರಡಿ ಹಿಡಿದಿದ್ದೆ. ಅರ್ಧಕ್ಕರ್ಧ ಕೊಕೊಪೀಟ್ ಹಾಕಿದ್ದೆ, ಅದು ಬೇಸಿಗೆಗೆ ಸರಿ, ನಮ್ಮ ಮಲೆನಾಡಿನ ಮಳೆಗಲ್ಲ. ಕಳೆ ಬರಬಾರದು ಅಂತ ಚೀಲಗಳನ್ನು ಪ್ಲಾಸ್ಟಿಕ್ ಶೀಟಿನ ಮೇಲೆ ಒತ್ತೊತ್ತಾಗಿ ಇಟ್ಟಿದ್ದೆ, ತಳದ ತೂತುಗಳೆಲ್ಲ ಬಂದ್!

ತಳಕ್ಕೆ ಜಲ್ಲಿ ಬೇರೆ ಹಾಕಿದ್ದೆ. ಎಲ್ಲರೂ ಹಾಕ್ತಾರೆ, ಆದರೆ ಅದರಿಂದ ನೀರು ಬೇಗ ಬಸಿಯಲ್ಲ. ನೆನೆದ ಸ್ಪಂಜನ್ನು ಅಡ್ಡ ಹಿಡಿಯಿರಿ, ತೊಟ್ಟಿಕ್ಕೋದು ನಿಂತ ಮೇಲೆ ಉದ್ದಕ್ಕೆ ತಿರುಗಿಸಿ. ಮತ್ತಷ್ಟು ನೀರು ಇಳಿಯುತ್ತೆ, ಆದರೂ ಕೆಳತುದಿ ಒದ್ದೆಯೇ ಇರುತ್ತೆ. ಚೀಲದ ಮಣ್ಣೂ ಹಾಗೇ. ನುಣ್ಣಗಿನ ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯಲ್ಲ. ಹಾಗಾಗಿ ಒದ್ದೆ ಪದರ ಜಲ್ಲಿಯಷ್ಟು ಎತ್ತರಕ್ಕೆ, ಬೇರಿನ ಹತ್ತಿರಕ್ಕೇ ಬಂದು ಕೂರುತ್ತೆ. ಆ ಜಾಗಕ್ಕೂ ಒಳ್ಳೆ ಮಿಶ್ರಣವನ್ನೇ ತುಂಬಿ. ಅಗಲದ ಗಿಡ್ಡ ಚೀಲಕ್ಕಿಂತ ಎತ್ತರದ ಚೀಲ ವಾಸಿ.

ಈಗ ನಾನು ಎರಡು ಪಾಲು ಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸುತ್ತೇನೆ. ಚೀಲ ಕೂರೋದು ಎರಡು ಜಂಬಿಟ್ಟಿಗೆ ಕಲ್ಲಿನ ಮೇಲೆ, ನಡುವೆ ಸಂದು ಬಿಟ್ಟು. ತಳದಿಂದ ಒಂದಿಂಚು ಮೇಲೆ ಪಕ್ಕದಲ್ಲೂ ನಾಲ್ಕು ತೂತು. ಗಿಡ ನೆಡೋ ಮೊದಲೇ ಒಂದು ಚೊಂಬು ನೀರು ಹೊಯ್ದು ನೋಡುತ್ತೇನೆ. ಮೇಲೆ ಕೆರೆ ಕಟ್ಟಿ ನಿಂತರೆ ಮಿಶ್ರಣಕ್ಕೆ ಇನ್ನಷ್ಟು ಮರಳು.

ಬೇರು ಅರ್ಧ ಕೊಳೆತ ಗಿಡ ಉಳಿಸಬೇಕಾ? ಕೊಳೆತಿದ್ದನ್ನು ಶುದ್ಧ ಕತ್ತರಿಯಿಂದ ತೆಗೆದು, ಮೇಲಿನ ರೆಂಬೆಗಳನ್ನೂ ಸ್ವಲ್ಪ ಸವರಿ, ಹೊಸ ಮಿಶ್ರಣಕ್ಕೆ ಹಾಕಿ. ಮಳೆ ಬೀಳದ ನೆರಳಲ್ಲಿಡಿ. ಚಿಗುರು ಕಾಣೋವರೆಗೂ ಗೊಬ್ಬರ, ಜೀವಾಮೃತ ಯಾವುದೂ ಬೇಡ. ನನ್ನ ಉಳಿದ ಗಿಡಗಳು ಚಿಗುರೋಕೆ ಸುಮಾರು ಐದು ವಾರ ತಗೊಂಡವು. ಪೂರ್ತಿ ಹಳದಿಯಾದ ಹಳೇ ಎಲೆ ಮತ್ತೆ ಹಸಿರಾಗಲ್ಲ, ಅದನ್ನು ದಿನಾ ಫೋಟೊ ಹೊಡೆದು ಕಳಿಸಬೇಡಿ. ತುದಿಯ ಚಿಗುರಿನದು ಕಳಿಸಿ, ಜೊತೆಗೆ ಬೇರಿಂದೂ.