ಕುತ್ತಿಗೆಯ ಪೆಟ್ಟು: ಯಾವ ಚಿತ್ರ, ಯಾವಾಗ

ಕುತ್ತಿಗೆಯಲ್ಲಿ ಏಳು ಕಶೇರುಗಳಿವೆ. ವೈದ್ಯರು ಅವನ್ನು ಮೇಲಿನಿಂದ ಸಿ1, ಸಿ2 ಎಂದು ಎಣಿಸುತ್ತ ಸಿ7ರವರೆಗೆ ಇಳಿಯುತ್ತಾರೆ. ತಲೆಯ ಭಾರ ಹೊರುವುದು, ಅದನ್ನು ಎಲ್ಲ ದಿಕ್ಕಿಗೂ ತಿರುಗಿಸುವುದು, ನಡುವಿನ ಕಾಲುವೆಯಲ್ಲಿ ಹಾದುಹೋಗುವ ಬೆನ್ನುಹುರಿಯನ್ನು ಕಾಯುವುದು, ಇಷ್ಟೂ ಇವುಗಳದೇ ಕೆಲಸ. ಬೈಕಿನಿಂದ ಬಿದ್ದಾಗ, ಅಡಿಕೆ ಅಥವಾ ತೆಂಗಿನ ಮರದಿಂದ ಜಾರಿದಾಗ, ಆಳ ತಿಳಿಯದ ನೀರಿಗೆ ತಲೆಕೆಳಗಾಗಿ ಧುಮುಕಿದಾಗ ಈ ಮೂಳೆಗಳು ಮುರಿಯಬಹುದು, ಜಾಗ ತಪ್ಪಬಹುದು. ಮೂಳೆಗಳೆಲ್ಲ ಸರಿಯಾಗಿದ್ದು ಅವನ್ನು ಹಿಡಿದಿಟ್ಟ ಕಟ್ಟುನಾರುಗಳಷ್ಟೇ ಹರಿದಿರಬಹುದು. ಮುರಿದ ಮೂಳೆ ಸರಿದಾಡಿ ಹುರಿಗೆ ಚುಚ್ಚಿದರೆ ಕೈಕಾಲು ಸ್ವಾಧೀನ ತಪ್ಪುತ್ತವೆ. ಆದ್ದರಿಂದ ಪೆಟ್ಟಿನ ಸಂಶಯವಿರುವವರೆಗೂ ಕುತ್ತಿಗೆಯನ್ನು ಅಲುಗಾಡದಂತೆ ಇಟ್ಟೇ ಪರೀಕ್ಷೆ ನಡೆಯುತ್ತದೆ.

ಬಿದ್ದವರಿಗೆಲ್ಲ ಚಿತ್ರ ತೆಗೆಯಬೇಕಿಲ್ಲ. ಅಮೆರಿಕದ 21 ಆಸ್ಪತ್ರೆಗಳಲ್ಲಿ 34,069 ಜನರನ್ನು ಗಮನಿಸಿದ ನೆಕ್ಸಸ್ ಅಧ್ಯಯನ 2000ದಲ್ಲಿ ಪ್ರಕಟವಾಯಿತು. ಕುತ್ತಿಗೆಯ ಚಿತ್ರ ತೆಗೆಸಿಕೊಂಡಿದ್ದ ಇವರಲ್ಲಿ ನಿಜವಾಗಿ ಪೆಟ್ಟಾಗಿದ್ದದ್ದು 818 ಮಂದಿಗೆ ಮಾತ್ರ. ಕತ್ತಿನ ಹಿಂಬದಿಯ ನಡುಗೆರೆಯನ್ನು ಒತ್ತಿದರೆ ನೋವಿಲ್ಲ, ನರದೌರ್ಬಲ್ಯದ ಕುರುಹಿಲ್ಲ, ಎಚ್ಚರ ಸರಿಯಾಗಿದೆ, ಅಮಲಿಲ್ಲ, ಗಮನವನ್ನೆಲ್ಲ ಸೆಳೆಯುವಂಥ ಬೇರೆ ದೊಡ್ಡ ಗಾಯವೂ ಇಲ್ಲ: ಈ ಐದೂ ಕೂಡಿಬಂದರೆ ಚಿತ್ರ ಬೇಡ ಎನ್ನುತ್ತದೆ ನೆಕ್ಸಸ್ ಸೂತ್ರ. ಆ 818ರಲ್ಲಿ ಸೂತ್ರದ ಕಣ್ಣು ತಪ್ಪಿಸಿಕೊಂಡವರು ಎಂಟು ಜನ. ಮರುವರ್ಷ ಬಂದ ಕೆನಡಾದ ಸೂತ್ರ ವಯಸ್ಸನ್ನೂ ಬಿದ್ದ ಬಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 65 ದಾಟಿದವರಿಗೆ ಚಿತ್ರ ಬೇಕೇ ಬೇಕು; ಅಪಾಯದ ಲಕ್ಷಣವಿಲ್ಲದವರು ತಾವಾಗಿ ಕತ್ತನ್ನು ಎಡಕ್ಕೂ ಬಲಕ್ಕೂ 45 ಡಿಗ್ರಿ ತಿರುಗಿಸಬಲ್ಲರಾದರೆ ಬೇಡ. ಬೆರಳು ಒತ್ತಿ ನೋಡುವ, ನಾಲ್ಕು ಮಾತು ಕೇಳುವ ಈ ಹಂತವನ್ನು ಹಾರಿಸಿ ನೇರ ಸ್ಕ್ಯಾನಿಗೆ ಬರೆಯುವ ರೂಢಿ ಎಷ್ಟೋ ಕಡೆ ಇದೆ. ಅದರಿಂದ ರೋಗಿಗೆ ಲಾಭ ಕಡಿಮೆ.

ಹಳೆಯ ಸಾಧನವಾದ ಎಕ್ಸ್-ರೇಯಲ್ಲಿ ಮೂರು ನೋಟಗಳಿವೆ: ಪಕ್ಕದಿಂದ, ಎದುರಿನಿಂದ, ಬಾಯಿ ತೆರೆಸಿ. ಹೆಚ್ಚು ಹೇಳುವುದು ಪಕ್ಕದ ನೋಟ. ಅದನ್ನು ಓದುವವರು ಮೊದಲು ಮೂಳೆ ಎಣಿಸುತ್ತಾರೆ. ಏಳೂ ಕಾಣಬೇಕು, ಏಳನೆಯದು ಎದೆಯ ಮೊದಲ ಕಶೇರುವಿನ ಮೇಲೆ ಕೂತಿರುವ ಜಾಗವೂ ಕಾಣಬೇಕು. ದಪ್ಪ ಭುಜದವರಲ್ಲಿ ಈ ಸಂಧಿ ಭುಜದ ನೆರಳಿನಲ್ಲಿ ಮುಚ್ಚಿಹೋಗುತ್ತದೆ. ಪೆಟ್ಟು ಅಡಗಿ ಕೂರುವುದು ಅಲ್ಲೇ ಆದ್ದರಿಂದ ಆರೇ ಮೂಳೆ ಕಂಡ ಚಿತ್ರವನ್ನು ನೋಡಿ ಕುತ್ತಿಗೆ ಸರಿಯಿದೆ ಎನ್ನುವಂತಿಲ್ಲ. ಈಜುವವರ ಹಾಗೆ ಒಂದು ಕೈಯನ್ನು ಮೇಲಕ್ಕೆತ್ತಿಸಿ ಇನ್ನೊಂದು ಚಿತ್ರ ತೆಗೆಯಬೇಕು, ಇಲ್ಲವೇ ಸಿ.ಟಿ.ಗೆ ಕಳಿಸಬೇಕು.

ಎಣಿಕೆ ಮುಗಿದ ಮೇಲೆ ಕಣ್ಣು ಗೆರೆಗಳನ್ನು ಹಿಡಿದು ಇಳಿಯುತ್ತದೆ. ಕಶೇರುಗಳ ಮುಂದಂಚು, ಹಿಂದಂಚು, ಹುರಿಯ ಕಾಲುವೆಯ ಹಿಂಗೋಡೆ, ಮೂರೂ ಮುಂದಕ್ಕೆ ತುಸು ಬಾಗಿದ ನಯವಾದ ಗೆರೆಗಳಾಗಿರಬೇಕು. ಎಲ್ಲಾದರೂ ಮೆಟ್ಟಿಲು ಕಂಡರೆ ಒಂದು ಮೂಳೆ ಇನ್ನೊಂದರ ಮೇಲೆ ಜಾರಿದೆ ಎಂದರ್ಥ. ಹಿಂಬದಿಯ ಕೀಲು ಒಂದು ಬದಿಯಲ್ಲಷ್ಟೇ ತಪ್ಪಿದ್ದರೆ ಜಾರಿಕೆ ಕಶೇರುವಿನ ಅಗಲದ ಸುಮಾರು ಕಾಲುಭಾಗ, ಎರಡೂ ಬದಿ ತಪ್ಪಿದ್ದರೆ ಅರ್ಧದಷ್ಟು. ಮೂಳೆಯ ಮುಂದಿರುವ ಮೆದುಭಾಗದ ನೆರಳನ್ನೂ ಅಳೆಯುವುದುಂಟು: ದೊಡ್ಡವರಲ್ಲಿ ಸಿ2ರ ಎದುರು ಸುಮಾರು 6 ಮಿ.ಮೀ., ಸಿ6ರ ಎದುರು 22 ಮಿ.ಮೀ. ದಾಟಬಾರದು. ದಪ್ಪವಾಗಿದ್ದರೆ ಅಲ್ಲಿ ರಕ್ತ ತುಂಬಿರಬಹುದು. ಅಳುವ ಮಗುವಿನಲ್ಲಿ ಮಾತ್ರ ಈ ನೆರಳು ಪೆಟ್ಟಿಲ್ಲದೆಯೂ ಉಬ್ಬುತ್ತದೆ.

ಬಾಯಿ ತೆರೆಸಿ ತೆಗೆದ ಚಿತ್ರ ಸಿ1 ಮತ್ತು ಸಿ2ರ ಸಲುವಾಗಿ. ಸಿ1 ಒಂದು ಉಂಗುರ. ನೆತ್ತಿಯ ಮೇಲೆ ನೇರ ಭಾರ ಬಿದ್ದಾಗ ಬಳೆ ಒಡೆದಂತೆ ಅದು ಒಂದಕ್ಕಿಂತ ಹೆಚ್ಚು ಕಡೆ ಸೀಳುತ್ತದೆ. ಬ್ರಿಟನ್ನಿನ ಶಸ್ತ್ರವೈದ್ಯ ಜೆಫ್ರಿ ಜೆಫರ್ಸನ್ 1920ರಲ್ಲಿ ವಿವರಿಸಿದ್ದರಿಂದ ಅವರ ಹೆಸರೇ ಈ ಮುರಿತಕ್ಕೆ ನಿಂತಿದೆ. ತುಂಡುಗಳು ಹೊರಕ್ಕೆ ಸರಿದು ಕಾಲುವೆ ಅಗಲವಾಗುವುದರಿಂದ ಬೆನ್ನುಹುರಿ ಎಷ್ಟೋ ಸಲ ಉಳಿದುಕೊಳ್ಳುತ್ತದೆ. ರೋಗಿ ನಡೆದುಕೊಂಡೇ ಬಂದಿರುತ್ತಾನೆ.

ಎಕ್ಸ್-ರೇಯ ದೌರ್ಬಲ್ಯ ಅದು ಬಿಟ್ಟುಬಿಡುವ ಮುರಿತಗಳಲ್ಲಿದೆ. ಹಲವು ಅಧ್ಯಯನಗಳನ್ನು ಕೂಡಿಸಿ 2005ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ನೂರು ಪೆಟ್ಟುಗಳಿಗೆ ಎಕ್ಸ್-ರೇ ಹಿಡಿದದ್ದು 52, ಸಿ.ಟಿ. 98. ದೊಡ್ಡವರಲ್ಲಿ ಈಗ ಮೊದಲ ಆಯ್ಕೆ ಸಿ.ಟಿ.ಯೇ ಆಗಿರುವುದಕ್ಕೆ ಈ ಅಂತರವೇ ಕಾರಣ. ಯಂತ್ರ ಕುತ್ತಿಗೆಯ ಸುತ್ತ ತಿರುಗಿ ಕೆಲವೇ ಸೆಕೆಂಡುಗಳಲ್ಲಿ ತೆಳು ಹೋಳುಗಳ ಚಿತ್ರ ಕೊಡುತ್ತದೆ, ಕಂಪ್ಯೂಟರು ಅವನ್ನು ಯಾವ ಕೋನಕ್ಕೆ ಬೇಕೋ ಆ ಕೋನಕ್ಕೆ ಜೋಡಿಸುತ್ತದೆ. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್‌ನಿಂದ ಬೆನ್ನೆಲುಬು ಬೆಸೆದುಕೊಂಡವರು ಮಂಚದಿಂದ ಜಾರಿದರೂ ಸಿ.ಟಿ. ಬೇಕು, ಬಗ್ಗದ ಮೂಳೆ ಸಣ್ಣ ಪೆಟ್ಟಿಗೂ ಅಡ್ಡಕ್ಕೆ ಮುರಿಯುತ್ತದೆ. ಮುರಿತ ಕಶೇರುವಿನ ಪಕ್ಕದ ರಂಧ್ರಕ್ಕೆ ಹಬ್ಬಿದ್ದರೆ ಅದರೊಳಗೆ ಏರುವ ರಕ್ತನಾಳವೂ ಹರಿದಿರಬಹುದೆಂದು ಬಣ್ಣದ ಮದ್ದು ಚುಚ್ಚಿ ಆಂಜಿಯೊ ಮಾಡುತ್ತಾರೆ. ವಿಕಿರಣದ ಚಿಂತೆ ಇದ್ದೇ ಇದೆ, ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯ ಎದುರಿಗೇ. ಮಕ್ಕಳಲ್ಲಿ ಇನ್ನೂ ಎಕ್ಸ್-ರೇಯಿಂದಲೇ ಶುರುಮಾಡುವುದು ಅದಕ್ಕಾಗಿ. ಆದರೆ ಚಿಕ್ಕ ಮಕ್ಕಳ ಕಟ್ಟುನಾರು ಸಡಿಲವಿದ್ದು ಸಿ2 ಸಿ3ರ ಮೇಲೆ ಕೊಂಚ ಜಾರಿದಂತೆ ಕಾಣುವುದು ಸಹಜ. ಅನುಭವವಿಲ್ಲದವರು ಅದನ್ನೇ ಪೆಟ್ಟೆಂದು ಬರೆಯುತ್ತಾರೆ.

ಸಿ.ಟಿ. ಮೂಳೆಯ ಪರಿಣತ. ಬೆನ್ನುಹುರಿ, ಡಿಸ್ಕ್, ಕಟ್ಟುನಾರುಗಳ ವಿಷಯಕ್ಕೆ ಎಂ.ಆರ್.ಐ. ಬೇಕು. ಸಿ.ಟಿ. ಸರಿಯಿದ್ದೂ ಕೈಯಲ್ಲಿ ಬಲವಿಲ್ಲ, ಜೋಮು ಹಿಡಿದಿದೆ ಎಂದಾಗ ಇದರ ಸರದಿ. ಕೊಬ್ಬಿನ ಬೆಳಕನ್ನು ಅಡಗಿಸುವ ಬಗೆಯ ಚಿತ್ರದಲ್ಲಿ ಹರಿದ ನಾರಿನ ಸುತ್ತಲಿನ ಬಾವು ಬೆಳ್ಳಗೆ ಹೊಳೆಯುತ್ತದೆ. ದಿನ ಕಳೆದಂತೆ ಬಾವು ಇಳಿಯುವುದರಿಂದ ಮೊದಲ ಎರಡು ಮೂರು ದಿನಗಳಲ್ಲೇ ತೆಗೆಸುವುದು ಲೇಸು. ಹುರಿಯೊಳಗೆ ಬರೀ ಬಾವಿದ್ದರೆ ಚೇತರಿಕೆಯ ಆಸೆ ಹೆಚ್ಚು, ರಕ್ತ ಕಟ್ಟಿದ ಕಪ್ಪು ಕಲೆಯಿದ್ದರೆ ಕಡಿಮೆ. ಎಕ್ಸ್-ರೇ, ಸಿ.ಟಿ. ಎರಡರಲ್ಲೂ ಏನೂ ಕಾಣದೆ ಹುರಿಗೆ ಪೆಟ್ಟಾಗಿರುವ ಮಕ್ಕಳ ಬಗ್ಗೆ ಪ್ಯಾಂಗ್ ಮತ್ತು ವಿಲ್‌ಬರ್ಗರ್ 1982ರಲ್ಲೇ ಬರೆದಿದ್ದರು; ಅಂಥ ಎಷ್ಟೋ ಪೆಟ್ಟುಗಳು ಈಗ ಎಂ.ಆರ್.ಐ.ಯಲ್ಲಿ ಕಾಣಿಸುತ್ತವೆ. ಆದರೆ ಇದಕ್ಕೆ ಅರ್ಧ ಗಂಟೆಯಷ್ಟು ಅಲುಗಾಡದೆ ಮಲಗಬೇಕು, ಒಳಗೆ ಆಕ್ಸಿಜನ್ ಸಿಲಿಂಡರಿನಂಥ ಕಬ್ಬಿಣದ ವಸ್ತು ಒಯ್ಯುವಂತಿಲ್ಲ. ಉಸಿರು, ರಕ್ತದೊತ್ತಡ ಹಳಿಗೆ ಬರದ ರೋಗಿಯನ್ನು ಅಲ್ಲಿಗೆ ಕಳಿಸುವುದು ಅವಸರವಾದೀತು.

ಚಿಕಿತ್ಸೆ ಶುರುವಾದ ಮೇಲೂ ಚಿತ್ರಗಳ ಕೆಲಸ ಮುಗಿಯುವುದಿಲ್ಲ. ಸಿ2ರ ಹಲ್ಲಿನಾಕಾರದ ಚಾಚು ಬುಡದಲ್ಲಿ ಮುರಿದಿದ್ದರೆ, ಅದರಲ್ಲೂ ವಯಸ್ಸಾದವರಲ್ಲಿ, ಕೂಡಿಕೊಳ್ಳದೆ ಉಳಿಯುವುದುಂಟು. ಕಾಲರ್ ಹಾಕಿದ ಕೆಲವು ವಾರಗಳ ನಂತರ ಸಿ.ಟಿ.ಯಲ್ಲಿ ಮೂಳೆ ಬೆಳೆದಿದೆಯೇ ಎಂದು ನೋಡಿ, ಆಮೇಲೆ ವೈದ್ಯರ ಎದುರಿಗೇ ರೋಗಿ ತಾನಾಗಿ ಕತ್ತು ಬಗ್ಗಿಸಿ, ಎತ್ತಿ ಎಕ್ಸ್-ರೇ ತೆಗೆಸಿಕೊಳ್ಳುತ್ತಾನೆ. ಎರಡೂ ಭಂಗಿಯಲ್ಲಿ ಮೂಳೆ ಜಾಗ ಬಿಟ್ಟು ಕದಲದಿದ್ದರೆ ಕಾಲರ್ ಕಳಚುತ್ತಾರೆ.