ಎರಡು ಬಂಡಾಯಗಳ ಊರು ನರಗುಂದ

ಹುಬ್ಬಳ್ಳಿಯಿಂದ ವಿಜಯಪುರದ ದಾರಿ ಹಿಡಿದು ನವಲಗುಂದ ದಾಟಿದರೆ ಕಣ್ಣು ಹಾಯಿಸಿದಷ್ಟೂ ಎರೆಹೊಲ. ಆ ಬಯಲಿನಲ್ಲಿ ಕಡಿದಾದ ಗುಡ್ಡವೊಂದು ಎದ್ದು ನಿಂತಿದೆ. ಅದರ ಬುಡಕ್ಕೆ ಹರಡಿಕೊಂಡಿರುವುದೇ ನರಗುಂದ. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದ ಈ ತಾಲೂಕು ಈಗ ಗದಗಿಗೆ ಸೇರಿದೆ.

'ನರಗುಂದ ಬಂಡಾಯ' ಎಂದರೆ ಇತಿಹಾಸದ ಪಾಠ ಓದಿದವರಿಗೆ 1858 ನೆನಪಾಗುತ್ತದೆ; ರೈತರಿಗೆ 1980.

ಗುಡ್ಡದ ಮೇಲಿನ ಕೋಟೆಯನ್ನು ಶಿವಾಜಿ ಕಟ್ಟಿಸಿದನೆಂದು ಪ್ರತೀತಿ. ಮುಂದೆ ಇಲ್ಲಿ ಭಾವೆ ಮನೆತನ ನೆಲೆಯೂರಿತು. 1785ರಲ್ಲಿ ಟಿಪ್ಪು ಸುಲ್ತಾನನ ಸೇನೆ ಕೋಟೆಯನ್ನು ಗೆದ್ದುಕೊಂಡಿತ್ತಾದರೂ ಕೆಲ ವರ್ಷಗಳಲ್ಲಿ ಅದು ಮತ್ತೆ ಭಾವೆಯವರ ಪಾಲಾಯಿತು. ಈ ವಂಶದ ಕೊನೆಯ ಅರಸ ಭಾಸ್ಕರರಾವ, ಅಂದರೆ ಬಾಬಾಸಾಹೇಬ, ಪುಸ್ತಕಪ್ರಿಯ. ದೊಡ್ಡ ಗ್ರಂಥಭಂಡಾರವನ್ನೇ ಕೂಡಿಸಿದ್ದ. ಮಕ್ಕಳಿಲ್ಲದ ಆತನಿಗೆ ದತ್ತು ಪಡೆಯಲು ಬ್ರಿಟಿಷರು ಅನುಮತಿ ನಿರಾಕರಿಸಿದರು. ಅದರ ಮೇಲೆ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆಯೂ ಬಂತು. ಅಸಮಾಧಾನ ಸಿಡಿಯಲು ಇಷ್ಟು ಸಾಕಾಯಿತು.

1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಅವನ ರುಂಡವನ್ನು ನರಗುಂದಕ್ಕೆ ತಂದು ಊರಬಾಗಿಲಿಗೆ ತೂಗುಹಾಕಲಾಯಿತು. ಬ್ರಿಟಿಷ್ ಸೇನೆ ಬರಲು ತಡವಾಗಲಿಲ್ಲ. ಕೋಟೆ ತೊರೆದು ಹೋದ ಬಾಬಾಸಾಹೇಬ ಸೆರೆಸಿಕ್ಕ. ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಆತನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಎರಡೇ ವಾರಗಳಲ್ಲಿ ಒಂದು ಸಂಸ್ಥಾನ ಇಲ್ಲವಾಯಿತು.

ಕೋಟೆ ನೋಡಲೆಂದೇ ಗುಡ್ಡ ಹತ್ತಿದವರಿಗೆ ನಿರಾಸೆಯಾದೀತು. ಮತ್ತೆ ಬಳಕೆಗೆ ಬಾರದಂತೆ ಬ್ರಿಟಿಷರು ಅದನ್ನು ಹಾಳುಗೆಡವಿದರು. ಉಳಿದಿರುವುದು ಅಲ್ಲಲ್ಲಿ ಮುರುಕು ಗೋಡೆ ಮಾತ್ರ. ಊರೊಳಗಿನ ವೆಂಕಟೇಶ್ವರ ದೇವಸ್ಥಾನ ಭಾವೆಯವರ ಕಾಲವನ್ನು ಇಂದಿಗೂ ನೆನಪಿಸುತ್ತದೆ. ಆದರೆ ಮೇಲಿನಿಂದ ಕಾಣುವ ಬಯಲಿಗಾಗಿಯಾದರೂ ಗುಡ್ಡ ಹತ್ತಬೇಕು.

ಎರಡನೆಯ ಬಂಡಾಯ ಹುಟ್ಟಿದ್ದು ಆ ಬಯಲಿನಲ್ಲೇ. ಮಲಪ್ರಭಾ ಯೋಜನೆಯ ನೀರು ಹಲವು ಹೊಲಗಳಿಗೆ ಸರಿಯಾಗಿ ಮುಟ್ಟಿರಲಿಲ್ಲ; ಬೆಟರ್‌ಮೆಂಟ್ ಲೆವಿ ಎಂಬ ಕರ ಮಾತ್ರ ತಪ್ಪದೆ ಬಂತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಬೀದಿಗಿಳಿದರು. ಗೋಲಿಬಾರ್ ನಡೆದು ರೈತರು ಸತ್ತರು. ಕಿಚ್ಚು ರಾಜ್ಯಕ್ಕೆಲ್ಲ ಹಬ್ಬಿತು, ರೈತ ಸಂಘ ಬಲಗೊಂಡಿತು. 1983ರ ಚುನಾವಣೆಯಲ್ಲಿ ಗುಂಡೂರಾವ್ ಸರಕಾರ ಉರುಳಿದ್ದರ ಹಿಂದೆ ಈ ಸಿಟ್ಟೂ ಇತ್ತು.

ನೀರಿನ ಜಗಳ ಅಲ್ಲಿಗೇ ನಿಲ್ಲಲಿಲ್ಲ. ಮಹದಾಯಿ ನೀರಿಗಾಗಿ 2015ರ ಜುಲೈನಲ್ಲಿ ಇದೇ ಊರಿನಲ್ಲಿ ರೈತರು ಧರಣಿ ಕುಳಿತರು. ಇಲ್ಲಿ 1980ರಲ್ಲಿ ಮಡಿದವರಿಗೆ ವೀರಗಲ್ಲು ನಿಲ್ಲಿಸಲಾಗಿದೆ. ಪ್ರತಿ ಜುಲೈ 21ರಂದು ಅದಕ್ಕೆ ಮಾಲೆ ಹಾಕಲು ಬೇರೆ ಬೇರೆ ಜಿಲ್ಲೆಗಳಿಂದ ರೈತರು ಬರುತ್ತಾರೆ.